ಬಾಡಿಗೆ ಇಂಟು ಹನ್ನೆರಡು

ಬನಶಂಕರಿ ಎರಡನೇ ಹಂತದಲ್ಲಿ ನಮ್ಮ ಅಜ್ಜಿ ಮನೆ. ಕೆಳಗೆ ನಾವಿದ್ದೀವಿ, ಮೇಲಿನದು ಬಾಡಿಗೆಗೆ. ಕಳೆದ ವರ್ಷ ಮೇಲಿದ್ದ ಅಂಕಲ್ ಆರು ವರ್ಷ ಇದ್ದು ಖಾಲಿ ಮಾಡಿದ್ರು. ಬಂದಾಗ ಬಾಡಿಗೆ 15,000, ಹತ್ತು ತಿಂಗಳ ಅಡ್ವಾನ್ಸ್ ಅಂತ 1,50,000 ಕೊಟ್ಟಿದ್ರು. ಅದನ್ನ ವಾಪಸ್ ಕೊಡೋ ದಿನ ಬಂದಾಗ ಮನೇಲಿ ಆ ದುಡ್ಡು ಇರಲಿಲ್ಲ. ದೊಡ್ಡಪ್ಪನ ಮಗಳ ಮದುವೆಗೆ ಯಾವತ್ತೋ ಖರ್ಚಾಗಿತ್ತು. ಹೊಸಬರ ಅಡ್ವಾನ್ಸ್ ತಗೊಂಡು ಹಳಬರಿಗೆ ಕೊಡೋಣ ಅಂದ್ರೆ ಎರಡು ತಿಂಗಳು ಯಾರೂ ಬರಲಿಲ್ಲ. ಅಂಕಲ್ ಕೂಡ ಹೊಸ ಮನೆಗೆ ಅಡ್ವಾನ್ಸ್ ಕೊಡಬೇಕಿತ್ತು, ದಿನಾ ಫೋನ್ ಮಾಡ್ತಿದ್ರು. ಕೊನೆಗೆ ಅಪ್ಪ ನನ್ನ ಎರಡನೇ ವರ್ಷದ ಫೀಸ್‌ಗೆ ಇಟ್ಟಿದ್ದ ದುಡ್ಡು ತೆಗೆದು ಕೊಟ್ರು.

ಆಗ ನಾನು ಒಂದು ಎಕ್ಸೆಲ್ ಶೀಟ್ ಮಾಡಿದೆ. ಈ ಲೇಖನ ಅದರ ಬಗ್ಗೆ.

ಬಾಡಿಗೆ ಆದಾಯ ಎಷ್ಟು ಅಂತ ಯಾರನ್ನ ಕೇಳಿದ್ರೂ ತಿಂಗಳ ಬಾಡಿಗೆಯನ್ನ ಹನ್ನೆರಡರಿಂದ ಗುಣಿಸಿ ಹೇಳ್ತಾರೆ. ಈಗ ನಮ್ಮ ಮೇಲಿನ ಮನೆ ಬಾಡಿಗೆ 20,000. ಅಂದ್ರೆ ವರ್ಷಕ್ಕೆ 2,40,000. ಇದರಲ್ಲಿ ನಿಜವಾಗಿ ಕೈಗೆ ಉಳಿಯೋದು ಎಷ್ಟು?

ಎರಡು ವರ್ಷಕ್ಕೊಮ್ಮೆ ಜನ ಬದಲಾಗಿ ಎರಡು ತಿಂಗಳು ಮನೆ ಖಾಲಿ ಬಿದ್ರೆ, ವರ್ಷಕ್ಕೆ ಒಂದು ತಿಂಗಳ ಬಾಡಿಗೆ ಹೋಯ್ತು: 20,000. ಪ್ರತಿ ಸಲ ಪೇಂಟಿಂಗ್, ಕ್ಲೀನಿಂಗ್ ಸೇರಿ 24,000, ಅಂದ್ರೆ ವರ್ಷಕ್ಕೆ 12,000. ಮೇಲಿನ ಮನೆ ಪಾಲಿನ ಕಂದಾಯ 8,000. ಬಾಡಿಗೆಗೆ ಕೊಟ್ಟ ಜಾಗಕ್ಕೆ ಸ್ವಂತ ವಾಸದ ಜಾಗಕ್ಕಿಂತ ಕಂದಾಯದ ದರ ಜಾಸ್ತಿ ಅನ್ನೋದು ನನಗೂ ಆಗಲೇ ಗೊತ್ತಾಗಿದ್ದು. ಮೋಟರ್, ಗೀಸರ್, ಪ್ಲಂಬರ್, ಸಂಪ್ ಕ್ಲೀನಿಂಗ್: 15,000. ಬೇಸಿಗೆಯಲ್ಲಿ ನೀರಿನ ಟ್ಯಾಂಕರ್: 5,000. 2024ರ ಬೇಸಿಗೆ ನೆನಪಿದೆಯಲ್ಲ? 12,000 ಲೀಟರ್ ಟ್ಯಾಂಕರ್‌ಗೆ 5 ಕಿ.ಮೀ. ಒಳಗಾದ್ರೆ 1,000 ರೂಪಾಯಿ ಅಂತ ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾಯ್ತು.

ಒಟ್ಟು 60,000. ಉಳಿದಿದ್ದು 1,80,000. ಅಂದ್ರೆ ನಮ್ಮ ಬಾಡಿಗೆ ತಿಂಗಳಿಗೆ 20,000 ಅಲ್ಲ, 15,000.

ನಾನು ಖರ್ಚು ಜಾಸ್ತಿ ಹಾಕಿದೀನಿ ಅಂತ ಅಪ್ಪ ಅಂದ್ರು. ಆದ್ರೆ ಆದಾಯ ತೆರಿಗೆ ಲೆಕ್ಕದಲ್ಲಿ ಕೂಡ ಕಂದಾಯ ಕಳೆದ ಮೇಲೆ ಉಳಿದ ಬಾಡಿಗೆಯಲ್ಲಿ 30% ಬಿಟ್ಟೇ ತೆರಿಗೆ ಹಾಕ್ತಾರೆ. ನಿಜವಾಗಿ ಎಷ್ಟು ಖರ್ಚಾಯ್ತು ಅಂತ ಬಿಲ್ ಕೂಡ ಕೇಳಲ್ಲ. ಮನೆ ಅಂದ್ಮೇಲೆ ಖರ್ಚು ಇದ್ದೇ ಇರುತ್ತೆ ಅಂತ ಸರ್ಕಾರಕ್ಕೂ ಗೊತ್ತು, ನಮಗೆ ಮಾತ್ರ ಮರೆತುಹೋಗುತ್ತೆ.

ಈ 5,000 ವ್ಯತ್ಯಾಸ ಯಾಕೆ ಮುಖ್ಯ ಅಂದ್ರೆ, ಅಪ್ಪ ಸಾಲ ಮಾಡಿ ಇನ್ನೊಂದು ಫ್ಲೋರ್ ಕಟ್ಟಿಸೋ ಪ್ಲಾನ್‌ನಲ್ಲಿದ್ರು. 15 ಲಕ್ಷ ಸಾಲ, 9% ಬಡ್ಡಿ, 15 ವರ್ಷ ಅಂದ್ರೆ ಇಎಂಐ ಸುಮಾರು 15,200. ಅಪ್ಪನ ಲೆಕ್ಕದಲ್ಲಿ ತಿಂಗಳಿಗೆ 4,800 ಮಿಗುತ್ತೆ, ನನ್ನ ಲೆಕ್ಕದಲ್ಲಿ 200 ಕೈಯಿಂದ ಹೋಗುತ್ತೆ. ಅದೂ ಸರಾಸರಿ. ಮನೆ ಖಾಲಿ ಇರೋ ತಿಂಗಳು ಬಾಡಿಗೆ ಸೊನ್ನೆ, ಇಎಂಐ ಮಾತ್ರ ಅಷ್ಟೇ. "ಬಾಡಿಗೆ ವರ್ಷ ವರ್ಷ ಏರುತ್ತೆ ಕಣೋ, ಇಎಂಐ ಏರಲ್ಲ" ಅಂದ್ರು ಅಪ್ಪ. ಅದು ಸರಿಯಾದ ಪಾಯಿಂಟ್, ಒಪ್ಕೋತೀನಿ. ಆದ್ರೆ ಮೊದಲ ಎರಡು ಮೂರು ವರ್ಷ ದಾಟೋಕೆ ಕೈಯಲ್ಲಿ ಬೇರೆ ದುಡ್ಡು ಇರಬೇಕಲ್ಲ? ಬೀಮ್ ಡಿಸೈನ್ ಮಾಡುವಾಗ ಫ್ಯಾಕ್ಟರ್ ಆಫ್ ಸೇಫ್ಟಿ ಇಲ್ಲದೆ ಯಾರೂ ಮಾಡಲ್ಲ. ಮನೆ ಲೆಕ್ಕಕ್ಕೂ ಅದು ಬೇಕು.

ಇನ್ನು ಅಡ್ವಾನ್ಸ್. ಅದು ಆದಾಯ ಅಲ್ಲ, ಬಾಡಿಗೆದಾರರು ನಮಗೆ ಕೊಟ್ಟ ಬಡ್ಡಿಯಿಲ್ಲದ ಸಾಲ. ಬಿಟಿಎಂನಲ್ಲಿ ಮನೆ ಮಾಡ್ಕೊಂಡಿರೋ ನನ್ನ ಕ್ಲಾಸ್‌ಮೇಟ್‌ಗಳಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಊರಲ್ಲಿರೋ ಅಪ್ಪ ಅಮ್ಮ ಎಲ್ಲಿಂದಲೋ ಹೊಂದಿಸಿ ಕಳಿಸಿದ ದುಡ್ಡು ಅದು. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ತಗೋಬಾರದು ಅಂತಿದೆ. ಆದ್ರೆ ಅದು ಮಾದರಿ ಅಷ್ಟೇ, ರಾಜ್ಯಗಳು ತಾವೇ ಕಾನೂನು ಮಾಡ್ಕೊಂಡ್ರೆ ಮಾತ್ರ ಜಾರಿಗೆ ಬರುತ್ತೆ.

ಬಾಡಿಗೆ ಕೊಡದೆ ಸತಾಯಿಸಿದ್ರೆ ಏನ್ಮಾಡೋದು ಅನ್ನೋ ಓನರ್‌ಗಳ ಭಯ ಸುಳ್ಳಲ್ಲ. ನಮ್ಮ ಅಜ್ಜಿಗೂ ಅದೇ ಭಯ. ಆದ್ರೆ ಹತ್ತು ತಿಂಗಳ ಅಡ್ವಾನ್ಸ್ ತಗೊಂಡು ಖರ್ಚು ಮಾಡ್ಬಿಟ್ರೆ ಅದರಿಂದ ಓನರ್‌ಗೂ ರಕ್ಷಣೆ ಇಲ್ಲ. ಹೋದ ವರ್ಷ ಸಿಕ್ಕಿಹಾಕ್ಕೊಂಡಿದ್ದು ನಾವೇ ತಾನೆ?

ಈ ಸಲ ಬಂದವರ ಹತ್ರ ನಾಲ್ಕು ತಿಂಗಳ ಅಡ್ವಾನ್ಸ್ ತಗೊಂಡ್ವಿ, 80,000. ಅಷ್ಟೂ ಅಜ್ಜಿ ಹೆಸರಲ್ಲಿ ಎಫ್‌ಡಿ ಆಗಿದೆ. ಇನ್ನೊಂದು ಫ್ಲೋರ್ ಸದ್ಯಕ್ಕೆ ಮುಂದೆ ಹೋಗಿದೆ. ಮೊದಲು ಒಂದು ವರ್ಷದ ಇಎಂಐ ಕೂಡಿಡೋಣ ಅಂತ ಮಾತಾಗಿದೆ.

ಇನ್ನು ಮೂರು ವರ್ಷದಲ್ಲಿ ನಮ್ಮಲ್ಲಿ ಎಷ್ಟೋ ಜನಕ್ಕೆ ಕೆಲಸ ಸಿಗುತ್ತೆ. "ಜೆ.ಪಿ. ನಗರದಲ್ಲಿ ಫ್ಲ್ಯಾಟ್ ತಗೋ, ಇಎಂಐನ ಬಾಡಿಗೆಯೇ ಕಟ್ಟುತ್ತೆ" ಅನ್ನೋರು ಆಗ ಖಂಡಿತ ಸಿಗ್ತಾರೆ. ಅವರ ಲೆಕ್ಕದಲ್ಲಿ ವರ್ಷಕ್ಕೆ ಎಷ್ಟು ತಿಂಗಳ ಬಾಡಿಗೆ ಹಿಡಿದಿದ್ದಾರೆ, ಖರ್ಚು ಎಷ್ಟು ಕಳೆದಿದ್ದಾರೆ ಅಂತ ಒಂದ್ಸಲ ಕೇಳಿ ನೋಡಿ. ನನ್ನ ಶೀಟ್ ಬೇಕಿದ್ರೆ ಕ್ಲಬ್ ಗ್ರೂಪ್‌ನಲ್ಲಿ ಕೇಳಿ, ಕಳಿಸ್ತೀನಿ.