ಹುಟ್ಟು ಹಾಕಾಕೀನೂ ಮೀನುಗಾರಳೇ

ಅಕ್ಕಾರ, ಮೀನು ಕೊಳ್ಳುವಾಗ ಬಲಿ ಹಾಕಿದವರು ಯಾರು ಅಂತ ಕೇಳ್ತೀವಿ. ಹುಟ್ಟು ಹಾಕಿದವರು ಯಾರು ಅಂತ ಒಬ್ಬರೂ ಕೇಳಂಗಿಲ್ಲ.

ಮುಂಡರಗಿ ತಾಲೂಕಿನ ಹಮ್ಮಿಗಿ ಬ್ಯಾರೇಜಿನ ಹಿನ್ನೀರಿನ್ಯಾಗ, ತುಂಗಭದ್ರಾ ದಂಡಿ ಮ್ಯಾಲ ನಿಂತು ಸ್ವಲ್ಪ ನೋಡ್ರಿ. ಹರಗೋಲಿನ್ಯಾಗ ಗಂಡ ಬಲಿ ಬಿಡ್ತಿದ್ರ ಹೆಂಡ್ತಿ ಹುಟ್ಟು ಹಾಕ್ತಿರ್ತಾಳ. ದೂರಿಂದ ನೋಡಿದ್ರ ಸುಮ್ನ ಕುಂತಂಗ ಕಾಣತೈತಿ. ಆದ್ರ ಕಸುಬು ಇರೋದ ಅಲ್ಲೆ.

ಹರಗೋಲು ದುಂಡಗ ಇರತೈತಿ. ಒಂದ ಬಾಜು ಜೋರ ಎಳದ್ರ ಬುಗುರಿ ಹಂಗ ತಿರಗತೈತಿ. ಲಗೂ ಹೋದ್ರ ಬಲಿ ಕೈಯಿಂದ ಜಗ್ಗಿ ಹೋಗತೈತಿ, ನಿಂತ ಬಿಟ್ರ ಸುತಗೊಂಡು ಗಂಟ ಬೀಳತೈತಿ. ಗಾಳಿ ಹಿಂದಿಂದ ದಬ್ಬಿದ್ರ ತಡೀಬೇಕು, ಎದುರ ಬಂದ್ರ ಎಳೀಬೇಕು. ಸಮುದ್ರದಾಗ ಗಾಳ ಎಳಕೊಂಡು ಹೋಗೋ ದೋಣಿಗೂ ಇದ ಲೆಕ್ಕ: ವೇಗ ಹೆಚ್ಚಾದ್ರ ಗಾಳ ಮ್ಯಾಲ ಬರತೈತಿ, ಕಡಿಮಿ ಆದ್ರ ಆಳಕ್ಕ ಇಳಿತೈತಿ. ಅಲ್ಲೆ ಎಂಜಿನ್ ಐತಿ, ಇಲ್ಲೆ ಆಕಿ ರಟ್ಟಿ. ಹೋಳಿಗಿ ಹೊತ್ತದಂಗ ನಾವು ಉರಿ ಹಿಡಿತೀವಲ್ಲ, ಹಂಗ ಆಕಿ ನೀರಿನ ಮ್ಯಾಲ ವೇಗ ಹಿಡಿತಾಳ.

ಇಷ್ಟೆಲ್ಲಾ ಮಾಡಿದ್ರೂ ಕೇಳಿದವರಿಗೆ "ನಮ್ಮ ಮನ್ಯಾರಿಗೆ ಕೈ ಹಚ್ಚತೇನ್ರಿ" ಅಂತಾಳ. ಇದು ಬರೇ ಮಾತಿನ ಪ್ರಶ್ನೆ ಅಲ್ಲ. ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನಾದಾಗ ಮೀನುಗಾರರಿಗೆ ಅಪಘಾತ ವಿಮಾ ಐತಿ. ಜೀವ ಹೋದ್ರ ಮನಿಗೆ 5 ಲಕ್ಷ ರೂಪಾಯಿ. ಹರಗೋಲು ಮಗಚಿದ್ರ ಹೊಳಿ ಗಂಡ ಯಾರು, ಹೆಂಡ್ತಿ ಯಾರು ಅಂತ ನೋಡಂಗಿಲ್ಲ. ಹಂಗಿದ್ದಮ್ಯಾಲ ಪಟ್ಟಿಯೊಳಗ ಗಂಡನ ಹೆಸರು ಒಂದ ಯಾಕಿರಬೇಕು?

ನಿಮ್ಮ ಓಣ್ಯಾಗ, ಬೀಗರ ಪೈಕಿ, ಹುಟ್ಟು ಹಾಕೋ ಹೆಣ್ಣಮಗಳು ಇದ್ರ ಹೇಳ್ರಿ: "ನಾನೂ ಮೀನು ಹಿಡೀತೇನಿ" ಅಂತ ಹೇಳಿ ಹೆಸರು ಬರಸವ್ವಾ.