ಅಡುಗೆಮನೆ ಕಿಟಕಿಯಿಂದ: ನಾಲ್ಕು ಎಂದರೆ ಸೊನ್ನೆ

ಹೋದ ಸಲ ಹುಳಿಪುಡಿ ವಿಷಯ ಬರೆದಿದ್ದೆ. ಈ ಸಲ ವೈರಿಂಗ್! ನಗಬೇಡಿ. ಇಂಗ್ಲಿಷ್ ಬಿ.ಎ. ಮಾಡಿ ಸೌಟು ಹಿಡಿದವಳಿಗೆ ಇದೇಕೆ ಅನ್ನುತ್ತೀರೇನೋ. ಲಿಂಗಂಪಲ್ಲಿಯಲ್ಲಿ ಮನೆ ಮಾಡಿದವರಿಗೆ ಇದು ತಪ್ಪಿದ್ದಲ್ಲ. ಪಕ್ಕದಲ್ಲೇ ರಾಮಚಂದ್ರಾಪುರದ ಬಿ.ಎಚ್.ಇ.ಎಲ್., ಅದರಾಚೆ ಪಟಾನ್‌ಚೆರು ಕಾರ್ಖಾನೆಗಳು. ಊಟಕ್ಕೆ ಕೂತರೆ ಮಾತೆಲ್ಲ ಅದೇ.

ನನ್ನ ಮಗ ಕೆಲಸಕ್ಕೆ ಸೇರಿದ ಮೂರನೇ ವಾರ. ನೀರಿನ ಪೈಪಿನ ಫ್ಲೋ ಮೀಟರಿಗೆ ವೈರ್ ಜೋಡಿಸಿದ್ದ. ಮೀಟರಿನ ಮುಖದಲ್ಲಿ ಅಂಕಿ ಓಡುತ್ತಿದೆ, ಕಂಟ್ರೋಲ್ ರೂಮಿನಲ್ಲಿ ಮಾತ್ರ ಸೊನ್ನೆ. ಹೊಸ ಮೀಟರನ್ನು ಸುಟ್ಟೆ ಎಂದು ಮೇಲಿನವರು ಎಲ್ಲರೆದುರು ಬೈದರಂತೆ. ರಾತ್ರಿ ತಟ್ಟೆ ಮುಂದೆ ಸುಮ್ಮನೆ ಕೂತ. "ನಾಳೆ ಮನೆಗೆ ಕಳಿಸ್ತಾರಮ್ಮ" ಅಂದ.

"ಅದೇನು, ನನಗೆ ತಿಳಿಯೋ ಹಾಗೆ ಹೇಳು" ಅಂದೆ.

ಮೀಟರು ತನ್ನ ಲೆಕ್ಕವನ್ನು ಕರೆಂಟಿನಲ್ಲಿ ಹೇಳುತ್ತದಂತೆ, 4ರಿಂದ 20 ಮಿಲಿ ಆಂಪಿಯರ್. ಗಂಟೆಗೆ 100 ಘನ ಮೀಟರಿಗೆ ಹೊಂದಿಸಿದ್ದರೆ 20 ಅಂದರೆ 100, 12 ಅಂದರೆ 50, ನೀರು ನಿಂತರೆ 4. ಸೊನ್ನೆಗೆ ಸೊನ್ನೆಯನ್ನೇ ಇಟ್ಟರೆ ನೀರು ನಿಂತಿದೆಯೋ ವೈರು ಕಡಿದಿದೆಯೋ ತಿಳಿಯುವುದಿಲ್ಲ. ವೋಲ್ಟೇಜ್ ಆದರೆ ಉದ್ದದ ವೈರಿನಲ್ಲಿ ಅಷ್ಟಿಷ್ಟು ಕಳೆದುಹೋಗುತ್ತದೆ. ಕರೆಂಟ್ ಇಡೀ ಸುತ್ತಿನಲ್ಲಿ ಒಂದೇ. ನನಗಂತೂ ಈ ಜಾಣತನ ಬಹಳ ಹಿಡಿಸಿತು.

"ನಿನಗೆ ಎಷ್ಟು ಬಂತು?" "4 ಅಲ್ಲಮ್ಮ, ಪೂರ್ತಿ ಸೊನ್ನೆ." "ಹಾಗಾದರೆ ಆ ವೈರಿಗೆ ಕರೆಂಟ್ ಕೊಡೋರು ಯಾರಪ್ಪಾ?"

ಅವನು ತುತ್ತು ಹಿಡಿದುಕೊಂಡೇ ಸುಮ್ಮನಾದ. ಆಮೇಲೆ ಎಡಗೈಯಲ್ಲೇ ಪುಸ್ತಕ ತೆಗೆದ!

ಕೆಲವು ಮೀಟರುಗಳ ಔಟ್‌ಪುಟ್ 'ಆಕ್ಟಿವ್', ಕರೆಂಟನ್ನು ತಾನೇ ಕೊಡುತ್ತದೆ. ಕೆಲವು 'ಪ್ಯಾಸಿವ್', ಹೊರಗಿನಿಂದ 24 ವೋಲ್ಟ್ ಬೇಕು. ಇವನದು ಪ್ಯಾಸಿವ್, ಪ್ಯಾನೆಲ್ಲಿನ ಕಾರ್ಡೂ ಕೊಡುವಂಥದ್ದಲ್ಲ. ಲಖನೌ ನವಾಬರ ಹಾಗೆ ಎರಡೂ 'ಮೊದಲು ನೀವು' ಎಂದು ಕಾದಿವೆ. ಎರಡೂ ಆಕ್ಟಿವ್ ಆದರೆ ಒಂದಕ್ಕೊಂದು ಎದುರು ಬಿದ್ದು ಕೆಡಬಹುದು.

ಬೆಳಿಗ್ಗೆ ಅವನು ವಿದ್ಯುತ್ ಆರಿಸಿ, 24 ವೋಲ್ಟಿನ ಪ್ಲಸ್ಸನ್ನು ಮೀಟರಿನ ಪ್ಲಸ್ಸಿಗೆ, ಮೀಟರಿನ ಮೈನಸ್ಸನ್ನು ಕಾರ್ಡಿನ ಪ್ಲಸ್ಸಿಗೆ, ಕಾರ್ಡಿನ ಮೈನಸ್ಸನ್ನು 24 ವೋಲ್ಟಿನ ಮೈನಸ್ಸಿಗೆ ಕಟ್ಟಿದ. ಕೇಬಲ್ಲಿನ ಜಾಲರಿಯನ್ನು ಒಂದೇ ತುದಿಯಲ್ಲಿ ಅರ್ತ್ ಮಾಡಿದ; ಎರಡೂ ಕಡೆ ಮಾಡಿದರೆ ಅದರಲ್ಲೇ ಬೇಡದ ಕರೆಂಟ್ ಹರಿದು ಅಂಕಿ ಕುಣಿಯುತ್ತದಂತೆ. ಪಲ್ಸ್ ಔಟ್‌ಪುಟ್ಟಿನ ಕಥೆಯೂ ಹೆಚ್ಚುಕಡಿಮೆ ಇದೇ. ಅದು ಬರೀ ಸ್ವಿಚ್ಚಿನ ಹಾಗಿದ್ದರೆ, ಎಣಿಸಲು ವೋಲ್ಟೇಜನ್ನು ಹೊರಗಿನಿಂದಲೇ ಕೊಡಬೇಕು.

ಹತ್ತು ಗಂಟೆಗೆ ಫೋನ್ ಬಂತು. "ಅಮ್ಮಾ, 12.8!" ಅಷ್ಟೇ ಹೇಳಿ ಇಟ್ಟುಬಿಟ್ಟ. ನಾನು ಕ್ಯಾಲೆಂಡರಿನ ಹಿಂದೆ ಲೆಕ್ಕ ಮಾಡಿದೆ. 100 ಘನ ಮೀಟರಿನ ಮೀಟರು, 12.8 ಮಿಲಿ ಆಂಪಿಯರ್: ಗಂಟೆಗೆ ಎಷ್ಟು ನೀರು? ಕನ್ನಡದಲ್ಲೇ ಬರೆದು ಕಳಿಸಿ, ಕಾಗುಣಿತ ತಪ್ಪಿದರೂ ಪರವಾಗಿಲ್ಲ. ಉತ್ತರ ಮುಂದಿನ ಸಂಚಿಕೆಯಲ್ಲಿ.