ಟ್ಯೂಬು ಹೊರಡಲು ಒಂದು ದಿನ, ಸಹಿಗೆ ಹಲವು ತಿಂಗಳು

ಜೀವವಿಜ್ಞಾನದ ಪ್ರಯೋಗಾಲಯಗಳಲ್ಲಿ ಪ್ಲಾಸ್ಮಿಡ್ ಎಂಬುದು ನಿತ್ಯಬಳಕೆಯ ಸಲಕರಣೆ. ಉಂಗುರಾಕಾರದ ಈ ಡಿಎನ್ಎ ತುಣುಕಿಗೆ ಬೇಕಾದ ವಂಶವಾಹಿಯನ್ನು ಜೋಡಿಸಿ ಜೀವಕೋಶದೊಳಗೆ ಸೇರಿಸಿದರೆ ಅದು ಅಲ್ಲಿ ಕೆಲಸ ಮಾಡತೊಡಗುತ್ತದೆ. ಒಂದು ಹನಿಯನ್ನು ಶೋಧಕ ಕಾಗದದ ಮೇಲೆ ಒಣಗಿಸಿ ಲಕೋಟೆಯಲ್ಲಿಟ್ಟರೂ ಸಾಕು, ಅಂಚೆಯಲ್ಲಿ ತಲುಪುತ್ತದೆ. ಆದರೆ ಬೆಂಗಳೂರಿನ ಸಂಶೋಧಕರೊಬ್ಬರು ಅಮೆರಿಕದ ವಿಶ್ವವಿದ್ಯಾಲಯವೊಂದರಿಂದ ಅದನ್ನು ಪಡೆಯಬೇಕಾದರೆ ಲಕೋಟೆಗಿಂತ ಮೊದಲು ‘ವಸ್ತು ವರ್ಗಾವಣೆ ಒಪ್ಪಂದ’ವೆಂಬ ಕಾಗದ ಓಡಾಡಬೇಕು. ಎರಡೂ ಕಡೆಯ ಕಾನೂನು ವಿಭಾಗಗಳು ಪದಪದವನ್ನೂ ತೂಗಿ ನೋಡಿ ಸಹಿ ಹಾಕುವ ಹೊತ್ತಿಗೆ ಕೆಲವೊಮ್ಮೆ ತಿಂಗಳುಗಳೇ ಉರುಳಿರುತ್ತವೆ. ನಿಗದಿತ ಅವಧಿಯ ಶಿಷ್ಯವೇತನವನ್ನೇ ನೆಚ್ಚಿಕೊಂಡ ವಿದ್ಯಾರ್ಥಿಗೆ ಇದು ಸಣ್ಣ ನಷ್ಟವಲ್ಲ.

ಈ ಕಾಗದದ ಭಾರ ಹೆಚ್ಚಿದ್ದು 1980ರ ನಂತರ. ಸರ್ಕಾರಿ ಅನುದಾನದಿಂದ ನಡೆದ ಸಂಶೋಧನೆಗೂ ವಿಶ್ವವಿದ್ಯಾಲಯಗಳೇ ಪೇಟೆಂಟ್ ಪಡೆಯಬಹುದೆಂದು ಆ ವರ್ಷ ಅಮೆರಿಕದ ಬೇ-ಡೋಲ್ ಕಾಯ್ದೆ ಸಾರಿತು. ಅಲ್ಲಿಂದಾಚೆಗೆ ಪ್ರತಿಯೊಂದು ಟ್ಯೂಬೂ ಭವಿಷ್ಯದ ಆಸ್ತಿಯಂತೆ ಕಾಣತೊಡಗಿತು. ಗೊಂದಲ ತಗ್ಗಿಸಲು ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 1995ರಲ್ಲಿ ಏಕರೂಪದ ಮಾದರಿ ಒಪ್ಪಂದವೊಂದನ್ನು ಪ್ರಕಟಿಸಿದವು. ಸಂಸ್ಥೆ ಒಮ್ಮೆ ಅದನ್ನು ಒಪ್ಪಿಕೊಂಡರೆ ಮುಂದಿನ ಪ್ರತಿ ವರ್ಗಾವಣೆಗೂ ಪುಟ್ಟದೊಂದು ಪತ್ರ ಸಾಕು. ಸಂಶೋಧಕರಿಂದ ಪ್ಲಾಸ್ಮಿಡ್‌ಗಳನ್ನು ಸಂಗ್ರಹಿಸಿ ಕೇಳಿದವರಿಗೆ ಕಳುಹಿಸಲು 2004ರಲ್ಲಿ ಹುಟ್ಟಿದ ಆಡ್‌ಜೀನ್ ಸಂಸ್ಥೆ ಬೆಳೆದದ್ದೂ ಈ ಮಾದರಿಯ ಬಲದಿಂದಲೇ. ಆದರೂ ಎರಡು ಬೀಗಗಳು ಹಾಗೆಯೇ ಉಳಿದವು: ಪಡೆದವರು ಅದನ್ನು ಮತ್ತೊಬ್ಬರಿಗೆ ಕೊಡುವಂತಿಲ್ಲ, ವಾಣಿಜ್ಯಕ್ಕೆ ಬಳಸುವಂತಿಲ್ಲ.

ಇಂಥ ಷರತ್ತುಗಳು ಪ್ರಯೋಗಾಲಯದ ಗೋಡೆ ದಾಟಿ ಜಗತ್ತಿನ ಮುಂದೆ ಬಂದದ್ದು ಮರ್ಸ್ ಕಾಯಿಲೆಯ ಸಂದರ್ಭದಲ್ಲಿ. 2012ರಲ್ಲಿ ಸೌದಿ ಅರೇಬಿಯಾದ ಜೆಡ್ಡಾದಿಂದ ರೋಗಿಯೊಬ್ಬರ ಮಾದರಿ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮಿನ ಎರಾಸ್ಮಸ್ ವೈದ್ಯಕೀಯ ಕೇಂದ್ರಕ್ಕೆ ಹೋಯಿತು. ಅಲ್ಲಿ ಹೊಸ ಕೊರೊನಾ ವೈರಸ್ ಪತ್ತೆಯಾಯಿತು. ಜೊತೆಗೆ ಪೇಟೆಂಟ್ ಅರ್ಜಿಯೂ ವರ್ಗಾವಣೆ ಒಪ್ಪಂದವೂ ಬಂದವು. ತಮ್ಮ ಅನುಮತಿಯಿಲ್ಲದೆ ಮಾದರಿ ದೇಶ ಬಿಟ್ಟಿತು, ಒಪ್ಪಂದದಿಂದಾಗಿ ರೋಗಪತ್ತೆ ಪರೀಕ್ಷೆಗಳು ತಡವಾದವು ಎಂದು ಸೌದಿ ಅಧಿಕಾರಿಗಳು ದೂರಿದರು. ಕೇಳಿದ ಪ್ರಯೋಗಾಲಯಗಳಿಗೆಲ್ಲ ಉಚಿತವಾಗಿ ಕಳುಹಿಸುತ್ತಿದ್ದೇವೆಂದು ರಾಟರ್‌ಡ್ಯಾಮ್ ಉತ್ತರಿಸಿತು. 2013ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂದಿನ ಮುಖ್ಯಸ್ಥೆ ಮಾರ್ಗರೆಟ್ ಚಾನ್ ವಿಶ್ವ ಆರೋಗ್ಯ ಸಭೆಯಲ್ಲೇ ತಮ್ಮ ಅಸಮಾಧಾನ ಹೊರಹಾಕಿದರು. ಸರಿ ಯಾರದೆಂಬುದು ಬೇರೆ ಮಾತು. ಜನ ಸಾಯುತ್ತಿದ್ದ ಹೊತ್ತಿನಲ್ಲಿ ಚರ್ಚೆ ನಡೆದದ್ದು ಷರತ್ತುಗಳ ಮೇಲೆ.

2018ರಲ್ಲಿ ಅಮೆರಿಕದ ಬಯೋಬ್ರಿಕ್ಸ್ ಪ್ರತಿಷ್ಠಾನ ಮತ್ತು ಬ್ರಿಟನ್ನಿನ ಓಪನ್‌ಪ್ಲಾಂಟ್ ಸಂಶೋಧಕರು ಮುಂದಿಟ್ಟ ‘ಓಪನ್ ಎಂಟಿಎ’ ಆ ಎರಡು ಬೀಗಗಳನ್ನೂ ತೆಗೆಯುತ್ತದೆ. ಪಡೆದವರು ಮಾರ್ಪಡಿಸಬಹುದು, ಇತರರಿಗೆ ಹಂಚಬಹುದು, ಉದ್ಯಮಕ್ಕೂ ಬಳಸಬಹುದು. ಸಿದ್ಧಪಡಿಸಿ ಕಳುಹಿಸುವ ಖರ್ಚನ್ನು ಕೊಟ್ಟವರು ಕೇಳಬಹುದು, ಮೂಲ ಕರ್ತೃವನ್ನು ಸ್ಮರಿಸುವಂತೆಯೂ ಕೋರಬಹುದು. ಕಂಪನಿಗೆ ಬೇರೆ ನಿಯಮ, ಕಾಲೇಜಿಗೆ ಬೇರೆ ನಿಯಮ ಎಂಬ ಭೇದವಿಲ್ಲ. ಆದರೆ ಅದೇ ವಸ್ತುವಿನ ಮೇಲೆ ಮೂರನೆಯವರ ಪೇಟೆಂಟ್ ಇದ್ದರೆ ಅದನ್ನು ಯಾವ ಒಪ್ಪಂದವೂ ಕರಗಿಸಲಾರದು.

ಇದನ್ನು ನಮ್ಮ ಸಂಸ್ಥೆಗಳೂ ಕಣ್ಣುಮುಚ್ಚಿ ಒಪ್ಪಬಹುದೇ? ಇಲ್ಲಿ ನಮ್ಮದೇ ಅನುಭವವೊಂದನ್ನು ನೆನೆಯಬೇಕು. ಬಿಟಿ ಬದನೆಗಾಗಿ 2005ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮಾಡಿಕೊಂಡದ್ದೂ ವಸ್ತು ವರ್ಗಾವಣೆ ಒಪ್ಪಂದವೇ. ಕುಡಚಿ, ಉಡುಪಿ ಮುಂತಾದ ಊರುಗಳ ಹೆಸರು ಹೊತ್ತ ಸ್ಥಳೀಯ ತಳಿಗಳನ್ನು ಜೀವವೈವಿಧ್ಯ ಕಾಯ್ದೆಯಡಿ ಅನುಮತಿಯಿಲ್ಲದೆ ಬಳಸಲಾಯಿತೆಂಬ ಆರೋಪ ಬಂದು, 2012ರಲ್ಲಿ ವಿಶ್ವವಿದ್ಯಾಲಯದ ಮತ್ತು ಮಹಿಕೊ ಕಂಪನಿಯ ವಿರುದ್ಧ ಧಾರವಾಡದ ನ್ಯಾಯಾಲಯದಲ್ಲಿ ಕ್ರಿಮಿನಲ್ ದೂರು ದಾಖಲಾಯಿತು. ಬಿಟಿ ಬದನೆಯ ಪರವೋ ವಿರೋಧವೋ ಎಂಬುದು ಇಲ್ಲಿ ಅಪ್ರಸ್ತುತ. ಕೊಡುವವನಿಗೆ ಕೊಡುವ ಹಕ್ಕಿತ್ತೇ ಎಂಬುದಷ್ಟೇ ಪ್ರಶ್ನೆ.

ತೆರೆದ ಒಪ್ಪಂದ ನಿಂತಿರುವುದೂ ಈ ಹಕ್ಕಿನ ಮೇಲೆಯೇ. ಸಾರ್ವಜನಿಕ ಹಣದಲ್ಲಿ ಪ್ರಯೋಗಾಲಯದೊಳಗೆ ತಯಾರಾದ ಪ್ಲಾಸ್ಮಿಡ್‌ಗಳನ್ನು, ಪೇಟೆಂಟ್ ಅಡ್ಡಿಯಿಲ್ಲದ ಕಡೆ, ತೆರೆದ ಒಪ್ಪಂದದಡಿ ಹಂಚಲು ನಮ್ಮ ಸಂಸ್ಥೆಗಳು ಹಿಂಜರಿಯಬೇಕಾಗಿಲ್ಲ. ಹಾಗೆ ಕೂಡಿಟ್ಟ ಟ್ಯೂಬುಗಳಲ್ಲಿ ಬಹುಪಾಲು ಯಾರಿಗೂ ಆದಾಯ ತರದೆ ಶೀತಲಪೆಟ್ಟಿಗೆಯಲ್ಲೇ ಮುದುಡುತ್ತವೆ. ರೈತರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ತಳಿಯ ಮಾತೇ ಬೇರೆ. ಅದನ್ನು ಯಾರಿಗಾದರೂ ಹಂಚಿರೆಂದು ಬರೆದುಕೊಡುವ ಅಧಿಕಾರ ವಿಶ್ವವಿದ್ಯಾಲಯದ ಕುಲಸಚಿವರಿಗಿಲ್ಲ. ವಿದೇಶಿಯರಿಗೆ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕು. ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿ ಕ್ರಿಮಿನಲ್ ಶಿಕ್ಷೆಯನ್ನು ಕೈಬಿಟ್ಟು ಹಣದ ದಂಡವನ್ನಷ್ಟೇ ಉಳಿಸಿದೆ. ಧಾರವಾಡದ ಮಾದರಿಯ ದೂರಿಗೆ ಇನ್ನು ಜಾಗವಿಲ್ಲ.

ಇಷ್ಟರ ನಡುವೆ ತಂತ್ರಜ್ಞಾನ ಒಪ್ಪಂದಗಳ ಪಕ್ಕದಲ್ಲೇ ಹಾದುಹೋಗುತ್ತಿದೆ. ವಂಶವಾಹಿಯ ಅಕ್ಷರಮಾಲೆ ಕಂಪ್ಯೂಟರಿನಲ್ಲಿ ಸಿಕ್ಕರೆ ಕಂಪನಿಗಳು ಅದರ ಡಿಎನ್ಎಯನ್ನು ಸಂಶ್ಲೇಷಿಸಿ ಮನೆಬಾಗಿಲಿಗೇ ಕಳುಹಿಸುತ್ತವೆ. ಗಡಿ ದಾಟುವ ಟ್ಯೂಬೇ ಇಲ್ಲದ ಮೇಲೆ ಸಹಿ ಮಾಡಬೇಕಾದ ಕಾಗದ ಯಾವುದು? ಇಂಥ ಬಳಕೆಯಿಂದ ಲಾಭ ಪಡೆಯುವ ಉದ್ಯಮಗಳು ಒಂದು ಪಾಲು ಕೊಡಲೆಂದು ಜೀವವೈವಿಧ್ಯ ಒಡಂಬಡಿಕೆಯ ರಾಷ್ಟ್ರಗಳು 2025ರ ಫೆಬ್ರವರಿಯಲ್ಲಿ ‘ಕ್ಯಾಲಿ ನಿಧಿ’ಗೆ ಚಾಲನೆ ನೀಡಿದವು. ಆದರೆ ಅದಕ್ಕೆ ಹಣ ಕೊಡುವುದು ಕಂಪನಿಗಳ ಇಚ್ಛೆಗೆ ಬಿಟ್ಟದ್ದು.